ಹರಾಜು ಕೂಗುವವನ ದನಿ

ಪಾಂಟ್‌ಹೆಲಿಗ್, ಕಾರ್ಮಾರ್ದೆನ್ ಸೀಮೆ
ನವೆಂಬರ್ 19, ಭಾನುವಾರ

ನನ್ನ ಮುದ್ದು ಹೆಲೆದ್,

ನಿನಗೂ ಅಳಿಯ ಯೋರಿಗೂ ಅಪ್ಪನ ಪ್ರೀತಿ. ನೀನು ಎಷ್ಟು ಸಲ ಕೇಳಿದರೂ 'ಬರೆಯುತ್ತೇನೆ, ಬರೆಯುತ್ತೇನೆ' ಎಂದು ಫೋನಿನಲ್ಲಿ ಒಂದು ಸಾಲು ಕುಟ್ಟಿ ಜಾರಿಕೊಂಡೆ. ಬೈದುಕೊಂಡಿರುತ್ತೀಯ. ಬೈದುಕೋ, ನನಗೆ ಬರಬೇಕಾದದ್ದೇ. ಊರಿಗೆಲ್ಲ ಇಮೇಲು ಕಲಿಸುವ ಮನುಷ್ಯ ಮಗಳಿಗೆ ಮಾತ್ರ ಪೆನ್ನು ಹಿಡಿದು ಕಾಗದ ಬರೆಯುತ್ತಾನಲ್ಲ ಎಂದು ಯೋರಿ ನಗುತ್ತಾನಂತೆ. ನಗಲಿ ಬಿಡು. ದಿನವೆಲ್ಲ ಪರದೆ ನೋಡಿ ಸೋತ ಕಣ್ಣಿಗೆ ಕಾಗದ ಅಂದರೆ ತಣ್ಣೀರು ಹಾಕಿದ ಹಾಗೆ. ನಿನ್ನ ಕಾಲಿನ ಊತ ಇಳಿಯಿತೇ? ಮರಿ ಒದೆಯುತ್ತಿದೆಯೇ? ರಾತ್ರಿ ಹುರಿದ ಮೀನು ತಿನ್ನಬೇಡ. ಗೆಂಟ್ ಊರಿನ ಮೀನು ಎಷ್ಟು ರುಚಿಯಾದರೂ ನಿನ್ನ ಹೊಟ್ಟೆ ನಮ್ಮ ವಂಶದ್ದು, ಅದಕ್ಕೆ ರುಚಿ ಗೊತ್ತಾಗುವುದಿಲ್ಲ.

ಇಲ್ಲಿ ಎಲ್ಲ ಕ್ಷೇಮ. ಹಿಂದೆ ಶೂ ಮಾರುತ್ತಿದ್ದ ಜಾಗದಲ್ಲಿ ನಮ್ಮ ಸಿನಿಮಾ ಕಂಪನಿಗೆ ಹೊಸ ಬೋರ್ಡು ಬರೆಸಿ ಎರಡು ವರ್ಷವಾದರೂ ಊರವರ ಬಾಯಲ್ಲಿ ಅದು ಇನ್ನೂ 'ಶೂ ಅಂಗಡಿ'ಯೇ. ಮೊನ್ನೆ ಒಬ್ಬರು ಸಿನಿಮಾ ಎಡಿಟ್ ಮಾಡುವ ಮೇಜಿನ ಮುಂದೆ ನಿಂತು ಚಳಿಗಾಲದ ಬೂಟು ಬಂದಿದೆಯೇ ಎಂದು ಕೇಳಿದರು. ಶಾಝಿಯಾ ನಿನಗೆ ನೆನಪಿರಬೇಕು, ಅಮ್ಮ ಹೋದ ಮೇಲೆ ಸ್ವಾನ್ಸಿಯಿಂದ ಬಂದು ಕ್ಯಾಮೆರಾ, ಧ್ವನಿ, ಪಾಠ ಎಲ್ಲ ಹೊತ್ತುಕೊಂಡ ಹುಡುಗಿ. ಅವಳು ಕೊನೆಗೂ ಕಾರು ಪರೀಕ್ಷೆಯಲ್ಲಿ ಪಾಸಾದಳು. ಪಾಸಾದ ಮರುದಿನವೇ ನಮ್ಮ ವ್ಯಾನನ್ನು ಅಂಚೆ ಡಬ್ಬಿಗೆ ಒರಗಿಸಿದಳು. ಡಬ್ಬಿಗೆ ಏನೂ ಆಗಲಿಲ್ಲ.

ಈಗ ಟ್ರೆವರ್ ಬೋವನ್ ಸಂಗತಿ ಹೇಳುತ್ತೇನೆ. ಸೋಮವಾರದ ಸಂತೆಯಲ್ಲಿ ಕುರಿ, ಕರು ಹರಾಜು ಕೂಗುತ್ತಿದ್ದನಲ್ಲ, ಅವನೇ. ಚಿಕ್ಕವಳಿದ್ದಾಗ ಅವನ ಕೂಗು ಕೇಳಿ ನೀನು ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ. ಸೆಪ್ಟೆಂಬರ್ ಕೊನೆಗೆ ಹೆಂಡತಿ ಕೈನ್ವೆನ್ ಜೊತೆ ಅಂಗಡಿಗೆ ಬಂದ. ಬಾಯಿ ತೆರೆದರೆ ಮರಳು ಕಾಗದ ಉಜ್ಜಿದ ಸದ್ದು. ಗಂಟಲಲ್ಲಿ ಕ್ಯಾನ್ಸರ್ ಕಣಮ್ಮ. ತಿಂಗಳೊಳಗೆ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡುತ್ತಾರಂತೆ. ಅಷ್ಟರಲ್ಲಿ ಅವನು ಒಂದಷ್ಟು ವಾಕ್ಯ ಓದಿ ರೆಕಾರ್ಡ್ ಮಾಡಿದರೆ, ಆಮೇಲೆ ಟ್ಯಾಬ್ಲೆಟ್ ಅವನ ದನಿಯ ಹಾಗೆಯೇ ಮಾತಾಡುತ್ತದೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಇವರಿಬ್ಬರಿಗೂ ಟ್ಯಾಬ್ಲೆಟ್ ಅಂದರೆ ಮಾತ್ರೆ. ಹಾಗಾಗಿ ನಮ್ಮ ಬಾಗಿಲಿಗೆ ಬಂದರು.

ಶಾಝಿಯಾ ಹಿಂದಿನ ಕೋಣೆಯಲ್ಲಿ ಮೈಕು ಇಟ್ಟು ಕೂರಿಸಿದಳು. ಪರದೆಯ ಮೇಲೆ ಮೊದಲ ವಾಕ್ಯ ಬಂತು: 'ವಾರದ ಕೊನೆಯಲ್ಲಿ ಹವಾಮಾನ ಹಿತಕರವಾಗಿರುತ್ತದೆ.'

ಟ್ರೆವರ್ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದ. "ಯಾವನಮ್ಮ ಇದನ್ನ ಬರೆದೋನು? ಈ ಮಳೆ ಊರಿಗೆ ಬಂದಿದಾನಾ?"

"ಸುಮ್ನೆ ಓದಿ ಬೋವನ್ ಅವ್ರೇ. ನಿಮ್ಮ ದನಿ ಯಂತ್ರಕ್ಕೆ ಪರಿಚಯ ಆಗ್ಬೇಕು, ಅಷ್ಟೆ."

"ಸುಳ್ಳು ಹೇಳ್ತಾ ಪರಿಚಯ ಮಾಡ್ಕೊಳ್ಳೋದಾ?"

ಕೈನ್ವೆನ್‌ಳ ತಕರಾರು ಬೇರೆ. ವಾಕ್ಯಗಳೆಲ್ಲ ಇಂಗ್ಲಿಷಿನಲ್ಲಿದ್ದವು. "ಮದುವೆ ಆದಾಗಿಂದ ಮನೇಲಿ ವೆಲ್ಶ್ ಬಿಟ್ಟು ಒಂದು ಮಾತು ಆಡಿದೋನಲ್ಲ ಇವನು. ಈಗ ಆ ಹಲಗೆ ನನ್ನ ಅಡುಗೆಮನೇಲಿ ಕೂತು ಇಂಗ್ಲಿಷ್ ಮಾತಾಡಿದ್ರೆ ಒಲೆಗೆ ಹಾಕ್ತೀನಿ. ಈಗ್ಲೇ ಹೇಳಿರ್ತೀನಿ."

ಶಾಝಿಯಾ ಹೇಳಿದಳು: "ಎರಡೂ ಮಾಡೋಣ. ಇದು ಆಸ್ಪತ್ರೆಯವ್ರಿಗೆ. ಮನೆಗೆ ಬೇಕಾದ ಮಾತನ್ನ ನೀವು ನಿಮ್ಮ ಭಾಷೇಲೇ ಹೇಳಿ, ಒಂದೊಂದು ಮಾತಿಗೂ ಒಂದೊಂದು ಗುಂಡಿ ಮಾಡಿಕೊಡ್ತೀನಿ. ಒತ್ತಿದ್ರೆ ನೀವೇ ಮಾತಾಡಿದ ಹಾಗೆ. ಹೇಳಿ, ಏನೇನು ಬೇಕು?"

ಅವನು ಮೈಕನ್ನು ನೋಡಿದ. "ಗಂಟಲು ನೋಯ್ತಿದೆ" ಎಂದು ಎದ್ದು ಹೋಗಿ ಕಾರಿನಲ್ಲಿ ಕೂತುಬಿಟ್ಟ. ಮುಂದಿನ ಸಲವೂ ಅಷ್ಟೇ. ಅದರ ಮುಂದಿನ ಸಲವೂ. ಸಾವಿರ ಜನರ ಮುಂದೆ ಉಸಿರು ಬಿಡದೆ ಕೂಗಿದವನಿಗೆ ಒಂದು ಸಣ್ಣ ಕೋಣೆಯಲ್ಲಿ ನಾಲಿಗೆ ಏಳಲಿಲ್ಲ. ಆಪರೇಶನ್ನಿನ ದಿನ ಹತ್ತಿರ ಬರುತ್ತಲೇ ಇತ್ತು. ಇದ್ದ ದನಿಯೂ ದಿನಕ್ಕಿಷ್ಟು ಕರಗುತ್ತಿತ್ತು. ಶಾಝಿಯಾಳ ಮುಖ ನೋಡಲಾಗುತ್ತಿರಲಿಲ್ಲ.

ಒಂದು ದಿನ ನಾನು ಟೀ ಮಾಡುತ್ತಿದ್ದಾಗ ಕೈನ್ವೆನ್ ಪಕ್ಕಕ್ಕೆ ಬಂದು ನಿಂತಳು. "ಇದ್ವಲ್, ಅವನಿಗೆ ಆಪರೇಶನ್ ಕತ್ತಿ ಹೆದರಿಕೆ ಇಲ್ಲ. ಆ ಹುಡುಗಿ ಗುಂಡಿ ಗುಂಡಿ ಅಂತಾಳಲ್ಲ, 'ಅದು ನನ್ನ ಗುಂಡಿನೇ ಕಣೇ, ನಾನೇ ತೋಡ್ಕೋಬೇಕು' ಅಂತಾನೆ." ಹೇಳಿ ನಕ್ಕಳು. ನಗುತ್ತಲೇ ಒರೆಸುವ ಬಟ್ಟೆಯಿಂದ ಮೂಗು ಒರೆಸಿಕೊಂಡಳು. ಅದು ಟೀ ಲೋಟ ಒರೆಸುವ ಬಟ್ಟೆ ಎಂದು ಹೇಳುವ ಮನಸ್ಸಾಗಲಿಲ್ಲ.

ಗುರುವಾರ ನಮ್ಮ ಹಿರಿಯರ ತರಗತಿ. ಅದರಲ್ಲಿ ಬೇಟಿ ಪ್ಯೂ ಎಂಬಾಕೆ ಇದ್ದಾಳೆ, ಮೊದಲು ಸೂಲಗಿತ್ತಿಯಾಗಿದ್ದವಳು. ಅರ್ಧ ಊರನ್ನು ತಲೆಕೆಳಗಾಗಿ ಹಿಡಿದು ಅಳಿಸಿದ್ದೇನೆ ಎಂಬ ಗತ್ತು ಅವಳದು. ಆ ಗುರುವಾರ ಟ್ರೆವರ್ ಕೂಡ ಕೈನ್ವೆನ್ ಪಕ್ಕ ಹಿಂದಿನ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಶಾಝಿಯಾ ಅಟ್ಟ ಖಾಲಿ ಮಾಡಿಸಿದ್ದಳು. ಶೂ ಅಂಗಡಿಯ ಕಾಲದಲ್ಲಿ ಕಿಟಕಿಯಲ್ಲಿ ಇಡುತ್ತಿದ್ದ ಹಳೆಯ ಬೂಟುಗಳ ಪೆಟ್ಟಿಗೆಯೊಂದು ಕೆಳಗೆ ಬಂದಿತ್ತು. ಎಲ್ಲ ಎಡಗಾಲಿನವೇ. ಬೇಟಿ ಒಂದನ್ನು ಎತ್ತಿ ಹಿಡಿದು, "ಟ್ರೆವರ್, ಇದನ್ನ ಮಾರಿ ತೋರ್ಸು ನೋಡೋಣ. ಗಂಡಸಾದ್ರೆ!" ಎಂದಳು.

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಎದ್ದು ಬಂದ. ಬೂಟನ್ನು ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿದ, ಕುರಿಯ ಹಲ್ಲು ನೋಡುವ ಹಾಗೆ ಒಳಗೆ ಇಣುಕಿದ. ಆಮೇಲೆ ಮೇಜಿಗೆ ಒಂದು ಏಟು ಹೊಡೆದ.

"ಎಡಗಾಲಿನ ಬೂಟು! ಬಲಗಾಲಿನ ಗೊಡವೆ ಇಲ್ಲ! ಒಂಟಿ ಕಾಲಿನೋನಿಗೆ ಅರ್ಧ ಉಳಿತಾಯ! ಐದು, ಐದು, ಯಾರಂದ್ರು ಐದು, ಅಲ್ಲಿ ಬೇಟಿ ಆರು—"

"ನಾನೆಲ್ಲಿ ಅಂದೆ?"

"ಮೂಗು ತುರಿಸ್ಕೊಂಡೆ, ಆರು! ಏಳು ಅಂದ್ರು ಇದ್ವಲ್, ತಲೇಲಿ ಕೂದ್ಲಿಲ್ದಿದ್ರೂ ಬೂಟಾದ್ರೂ ಇರ್ಲಿ ಅಂತ, ಎಂಟು, ಎಂಟು…"

ಒಡೆದ ದನಿಯೇ. ಆದರೆ ಅದೇ ಓಟ, ಅದೇ ಕುಣಿತ. ಶಾಝಿಯಾ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಮೈಕು ತಂದು ಬಿಸ್ಕತ್ತಿನ ಡಬ್ಬಿಯ ಪಕ್ಕ ಇಟ್ಟಳು. ಅವನು ನೋಡಿದ, ನೋಡಿಯೂ ನಿಲ್ಲಿಸಲಿಲ್ಲ. ಬೂಟು ಹೋಯಿತು. ಕೆಟ್ಟ ಪ್ರಿಂಟರ್ ಹೋಯಿತು. ಬೇಟಿಯ ಕೊಡೆಯನ್ನು ಬೇಟಿಗೇ ಮಾರಿದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಮೇಲೆ ಅವನು ಎರಡೂ ಕೈ ಮೇಜಿನ ಮೇಲೆ ಊರಿದ. "ಇವತ್ತಿನ ಕೊನೇ ಮಾಲು. ವಯಸ್ಸಾದ ಟಗರು. ಕಾಲು ಗಟ್ಟಿ. ಹಲ್ಲು ಅರ್ಧ. ಗಂಟಲು ಕೆಟ್ಟಿದೆ, ಮುಚ್ಚಿಡೋದಿಲ್ಲ. ಇನ್ಮೇಲೆ ಕೂಗೋದಿಲ್ಲ ಇದು. ಯಾರಾದ್ರೂ ತಗೊಳ್ಳೋರಿದ್ರೆ ಕೈ ಎತ್ತಿ."

ಒಬ್ಬರೂ ಮಿಸುಕಲಿಲ್ಲ ಹೆಲೆದ್. ಬೇಟಿ ಕೂಡ ನೆಲ ನೋಡುತ್ತಿದ್ದಳು.

"ಒಂದು ಸಲ," ಎಂದ. "ಎರಡು ಸಲ…"

ಕೈನ್ವೆನ್ ಕೈ ಎತ್ತಲಿಲ್ಲ. ಕೂತಲ್ಲಿಂದಲೇ, ಕೋಟಿನ ಮೇಲೆ ಬಿದ್ದ ಬಿಸ್ಕತ್ತಿನ ಪುಡಿ ಕೊಡವುತ್ತಾ ಹೇಳಿದಳು: "ನಾಟಕ ಬಿಟ್ಟು ಬಂದು ಕೂತ್ಕೋ. ಆ ಮಾಲು ಯಾವತ್ತೋ ಮಾರಾಟ ಆಗಿದೆ. ವಾಪಸ್ ತಗೊಳ್ಳೋದಿಲ್ಲ ಅಂತ ನಿಮ್ಮಮ್ಮ ಮದುವೆ ದಿನಾನೇ ಹೇಳಿದ್ರು."

ಅವನು ನಕ್ಕ. ಗಂಟಲು ಕಿತ್ತು ಬರುವ ಹಾಗೆ, ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ನಕ್ಕ. ಸೀದಾ ಹೋಗಿ ಅವಳ ಪಕ್ಕ ಕೂತ.

ಅವತ್ತಿನಿಂದ ಅವನ ಬಾಯಿ ಬಿಚ್ಚಿತು. ದಿನವೂ ಬಂದ. ಹವಾಮಾನದ ವಾಕ್ಯಗಳನ್ನೂ ಮುಗಿಸಿದ, ಒಂದೊಂದರ ಕೊನೆಗೂ 'ಸುಳ್ಳು' ಎಂದು ಸೇರಿಸುತ್ತಾ. ಅವನ್ನೆಲ್ಲ ತೆಗೆಯುವಷ್ಟರಲ್ಲಿ ಶಾಝಿಯಾಗೆ ಸಾಕುಬೇಕಾಯಿತು. ವೆಲ್ಶ್‌ನಲ್ಲಿ ನಾಯಿಗೆ ಹೇಳುವ ಮಾತು, ಚರ್ಚಿನ ಪಾದ್ರಿಗೆ ಹೇಳುವ ಮಾತು, ರಗ್ಬಿ ನೋಡುವಾಗ ಬೈಯುವ ಮಾತು. ಬೈಗುಳಕ್ಕೇ ಒಂದು ಪುಟ ಬೇಕಾಯಿತು. ಕೊನೆಯ ದಿನ ನಮ್ಮನ್ನೆಲ್ಲ ಹೊರಗೆ ಕಳಿಸಿ, ಕೈನ್ವೆನ್‌ಳನ್ನು ಮಾತ್ರ ಕೂರಿಸಿಕೊಂಡು ಬಾಗಿಲು ಹಾಕಿಕೊಂಡ. ಆಗ ಹೇಳಿದವಕ್ಕೆ ಹಳದಿ ಗುಂಡಿ. ಶಾಝಿಯಾ ಅವನ್ನು ಜೋಡಿಸುವುದು ಹೇಗೆಂದು ಕೈನ್ವೆನ್‌ಗೇ ಕಲಿಸಿಕೊಟ್ಟಳು, ತಾನು ಕೇಳಲಿಲ್ಲ. ಮಾತ್ರೆ ಅಂದುಕೊಂಡಿದ್ದ ಹೆಂಗಸು ಒಂದು ಮಧ್ಯಾಹ್ನದಲ್ಲಿ ಎಲ್ಲ ಕಲಿತುಬಿಟ್ಟಳು.

ಆಪರೇಶನ್ ಸುಸೂತ್ರವಾಯಿತು. ವಾರ್ಡಿನಲ್ಲಿ ಕೇರಳದ ನರ್ಸ್ ಒಬ್ಬಳು, ಲಿಸ್ಸಿ ಅಂತ. ಅವಳು ಸೂಜಿ ಚುಚ್ಚಿದ ತಕ್ಷಣ ಟ್ರೆವರ್ ಗುಂಡಿ ಒತ್ತಿದ. ರಗ್ಬಿ ಪುಟದ್ದು. ವಾರ್ಡಿಗೆಲ್ಲ ಕೇಳಿಸಿತು. "ಏನಂದ್ರು?" ಎಂದು ಲಿಸ್ಸಿ ಕೇಳಿದಳು. "ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಅಂದ ಕಣಮ್ಮ" ಎಂದಳು ಕೈನ್ವೆನ್. ಪಾಪ, ಲಿಸ್ಸಿ ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಪಕ್ಕದ ಹಾಸಿಗೆಯ ಮುದುಕನಿಗೆ ಹೇಳಿದಳಂತೆ. ಅವನಿಗೆ ವೆಲ್ಶ್ ಬರುತ್ತಿತ್ತು.

ಆದರೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮನೆಗೆ ಬಂದ ಮೇಲೆ ಒಂದು ದಿನ ಬೇಟಿ ನೋಡಲು ಹೋಗಿ ಏನೋ ತಮಾಷೆ ಹೇಳಿದ್ದಾಳೆ. ಟ್ರೆವರ್ ನಕ್ಕ. ಭುಜ ಕುಲುಕಿತು, ಮುಖ ಅರಳಿತು, ಸದ್ದು ಮಾತ್ರ ಇಲ್ಲ. ಬೇಟಿಯ ಮುಖ ಬಿಳಿಚಿದ್ದನ್ನು ಅವನು ಕಂಡ. ಟ್ಯಾಬ್ಲೆಟ್ ಮಗುಚಿ ಇಟ್ಟವನು ಆಮೇಲೆ ಅದನ್ನು ಮುಟ್ಟಲೇ ಇಲ್ಲ. ಕೈನ್ವೆನ್ ಫೋನ್ ಮಾಡಿ ಅತ್ತಳು. "ಅಷ್ಟೊಂದು ಮಾತು ತುಂಬಿಸಿದ್ವಿ. ನಗು ನಮಗ್ಯಾರಿಗೂ ಹೊಳೀಲಿಲ್ವಲ್ಲ ಇದ್ವಲ್."

ಶಾಝಿಯಾ ಹೋಗಿ ಆ ಗುರುವಾರದ ಹರಾಜಿನ ರೆಕಾರ್ಡ್ ತೆಗೆದಳು. ಕೊನೆಗೆ ಅವನು ನಕ್ಕಿದ್ದು ಪೂರ್ತಿ ಇತ್ತು, ಕೆಮ್ಮು ಸಮೇತ. ಕೆಮ್ಮು ತೆಗೆಯಲೇ ಎಂದು ನನ್ನನ್ನು ಕೇಳಿದಳು. ಬೇಡ ಎಂದೆ. ಅದನ್ನು ಅವಳೇ ಅವರ ಮನೆಗೆ ಒಯ್ದು, ಮಗುಚಿದ ಟ್ಯಾಬ್ಲೆಟ್ಟನ್ನು ಎತ್ತಿ, ಒಂದು ಕೆಂಪು ಗುಂಡಿ ಸೇರಿಸಿ ಅವನ ತೊಡೆಯ ಮೇಲೆ ಇಟ್ಟು ಬಂದಳು. "ಒತ್ತಿ ಅಂತ ನಾನು ಹೇಳಲ್ಲ ಬೋವನ್ ಅವ್ರೇ. ಇಲ್ಲಿದೆ, ಅಷ್ಟೆ."

ಇವತ್ತು ಬೆಳಿಗ್ಗೆ ಚರ್ಚಿನಲ್ಲಿ ಪಾದ್ರಿ ಸ್ವರ್ಗದ ನೆಮ್ಮದಿಯ ವಿಚಾರ ಹೇಳುತ್ತಿದ್ದರು. ಹಿಂದಿನ ಬೆಂಚಿನಿಂದ ಕೆಮ್ಮಿನ ಸಮೇತ ಆ ನಗು ಎದ್ದಿತು. ಕೈನ್ವೆನ್ ಅವನ ಕೈಗೆ ಪಟ್ ಎಂದು ಹೊಡೆದಳು. ಇನ್ನೊಮ್ಮೆ ಒತ್ತಿದ. ನಾನು ನಕ್ಕು ನಕ್ಕು ಮನೆಗೆ ಬಂದವನೇ ನಿನಗೆ ಬರೆಯಲು ಕೂತೆ.

ಚೆನ್ನಾಗಿ ನಿದ್ದೆ ಮಾಡು, ನನ್ನಮ್ಮ. ಹೊಸ ಜೀವ ಸುಖವಾಗಿ ಕೈಗೆ ಬರಲಿ, ನಿನ್ನ ಮೈ ಗಟ್ಟಿಯಾಗಿರಲಿ, ಮನೆ ತುಂಬ ಗಲಾಟೆ ಇರಲಿ. ಯೋರಿಗೆ ನನ್ನ ಪ್ರೀತಿ ಹೇಳು. ಫೆಬ್ರುವರಿಯಲ್ಲಿ ನಾನು ಬರುತ್ತೇನೆ, ಶಾಝಿಯಾಗೆ ವ್ಯಾನಿನ ಬೀಗದ ಕೈ ಕೊಡದೆ.

ನಿನ್ನ ಅಪ್ಪ,
ಇದ್ವಲ್

ಮರೆತಿಲ್ಲ: ಮಗುವಿಗೆ ಅಜ್ಜಿಯ ದನಿ ಕೇಳಿಸಬೇಕು, ಅಮ್ಮ ಮಾತಾಡಿದ್ದು ಏನಾದರೂ ಇದ್ದರೆ ಕಳಿಸು ಎಂದು ಆಗಸ್ಟಿನಲ್ಲಿ ಕೇಳಿದ್ದೆಯಲ್ಲ. ಹುಡುಕಿದೆ ಹೆಲೆದ್. ನಾನೂ ಅಮ್ಮನೂ ಸೇರಿ ಮಾಡಿದ ಅಷ್ಟೂ ಚಿತ್ರಗಳನ್ನು ತೆಗೆದು ಕೂತೆ. ಊರಿನ ಎಲ್ಲರೂ ಮಾತಾಡುತ್ತಾರೆ, ಸತ್ತವರೂ ಮಾತಾಡುತ್ತಾರೆ. ನನ್ನ ಮೆರೆರಿದ್ ಮಾತ್ರ ಇಲ್ಲ. ಅವಳು ಯಾವಾಗಲೂ ಕ್ಯಾಮೆರಾದ ಹಿಂದೆ. ಪ್ರತಿ ಸಲ ಚಿತ್ರ ತೆಗೆದು ಮುಗಿಸುವಾಗ 'ಸಾಕು, ಚೆನ್ನಾಗಿತ್ತು' ಎನ್ನುತ್ತಿದ್ದಳು. ಎಡಿಟ್ ಮಾಡುವವನು ನಾನು. ಅದನ್ನು ಕತ್ತರಿಸಿ ಬಿಸಾಡುವುದು ನನ್ನ ಕೆಲಸವಾಗಿತ್ತು. ಚೆನ್ನಾಗಿಯೇ ಮಾಡಿದ್ದೇನೆ, ಎಲ್ಲೂ ಒಂದು ಉಸಿರೂ ಉಳಿದಿಲ್ಲ. ಬಳಸದೆ ಬಿಟ್ಟ ಒಂದೇ ಒಂದು ತುಣುಕು ಸಿಕ್ಕಿತು: ನದಿ, ಸೇತುವೆ, ಅದರ ಮೇಲೆ ಪೆದ್ದನ ಹಾಗೆ ನಿಂತ ನಾನು. "ಇದ್ವಲ್, ಆಚೆ ಸರಿ, ನೀನು ಅಡ್ಡ ಬಂದಿದೀಯ" ಎನ್ನುತ್ತಾಳೆ. ನಾನು ಸರಿಯುವುದಿಲ್ಲ. "ಸರಿ ಬಿಡು, ಅಲ್ಲೇ ನಿಂತಿರು" ಎನ್ನುತ್ತಾಳೆ. ಇಷ್ಟೇ ಇರುವುದು. ಕಳಿಸುತ್ತಿದ್ದೇನೆ. ಕತ್ತರಿಸಿಲ್ಲ.