ಕೇದಗೆ ಕುದ್ರುವಿನ ಎರಡು ಪುಟ

4 ನವೆಂಬರ್ 2024

ನನ್ನ ಅಂಗನವಾಡಿಗೆ ಇವತ್ತು ಮಕ್ಕಳು ಐದೇ. ಉಪ್ಪಿಟ್ಟು ಹತ್ತು ಜನರದ್ದು. ಉಳಿದದ್ದು ಗುಡ್ಡಣ್ಣನಿಗೆ. ದೋಣಿ ದಾಟಿಸುವವನ ಹೊಟ್ಟೆ ತುಂಬಿದ್ದರೆ ನಾವೂ ಹೆಮ್ಮಾಡಿ ಬದಿಗೆ ಸುಸೂತ್ರ ಮುಟ್ಟುತ್ತೇವೆ.

ಪಂಚಾಯತಿಯಿಂದ ಫೋನ್. ಜನವರಿಯಲ್ಲಿ ಡ್ರೋನ್ ಸರ್ವೆಯಂತೆ. ಆಮೇಲೆ ಮನೆಮನೆಗೂ ಹಕ್ಕುಪತ್ರ. ಅದರ ಫೈಲಿಗೆ ಕುದ್ರುವಿನ ಇತಿಹಾಸ, ಭೂಗೋಳ ಎರಡು ಪುಟ ಬೇಕು. "ಶ್ರೀಲತಾ ಮೇಡಂ, ಡಿಗ್ರಿ ಆದವರು ಅಲ್ಲಿ ನೀವೊಬ್ಬರೇ" ಅಂದರು.

ಕುದ್ರು ಅಂದರೆ ಸುತ್ತ ಹೊಳೆ. ನಡುವೆ ಒಂಬತ್ತು ಮನೆ. ರಸ್ತೆ ಇಲ್ಲ, ಅಂಗಡಿ ಇಲ್ಲ, ದೋಣಿ ತಪ್ಪಿದರೆ ಅವತ್ತಿನ ದಿನವೇ ತಪ್ಪಿತು. ಎರಡು ಪುಟ ಎಂತದರಿಂದ ತುಂಬಿಸುವುದು? ಆದರೂ ಒಪ್ಪಿಕೊಂಡೆ. ಹೊಗಳಿದರೆ ನಾನು ಹೊಳೆಗೂ ಹಾರುವವಳು.

10 ನವೆಂಬರ್

ಬೆಳಿಗ್ಗೆ ನೀರಿನ ಇಳಿತದಲ್ಲಿ ಮೂಡು ಬದಿಯ ಹೊಳೆಗಿಳಿದು ಮಳಿ ಚಿಪ್ಪು ಹೆಕ್ಕಿ ತಂದೆ. ಸಾರು ಮಾಡಿದೆ. ಬಾಗಿ ದೊಡ್ಡಮ್ಮ ಎಂದಿನಂತೆ ಮುಟ್ಟಲಿಲ್ಲ — ಪಿತ್ತವಂತೆ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಮ್ಮನ ಅಕ್ಕ. ಎಂಬತ್ತೆರಡಾದರೂ ನೆನಪು ಮಾತ್ರ ಕತ್ತಿಯ ಬಾಯಿ.

ಊಟ ಆದ ಮೇಲೆ ಕುದ್ರುವಿನ ಕತೆ ಅವಳಿಂದ ಕೇಳಿ ಬರೆದುಕೊಂಡೆ. ಕೇಳಿ ಕೇಳಿ ಬೆಳೆದದ್ದೇ, ಆದರೆ ಬರೆಯುವಾಗ ಮೈ ಜುಂ ಅಂತು. ಮೂಡು ತುದಿ ಕುದ್ರುವಿನ ತಲೆ, ಅದನ್ನು ಮಳೆಗಾಲದ ಹೊಳೆ ತಿನ್ನುತ್ತದೆ. ಪಡು ತುದಿ ಬಾಲ, ಅಲ್ಲಿ ಮಣ್ಣು ಬಂದು ಕೂರುತ್ತದೆ. ಪ್ರತಿ ವರ್ಷ ಹೊಸ ಅಕ್ಕಿ ಉಣ್ಣುವ ಹೊಸ್ತಿನ ದಿನ ಒಂಬತ್ತು ಮನೆಯವರೂ ಬಾಲದಲ್ಲಿ ಒಂದೊಂದು ತೆಂಗಿನ ಸಸಿ ನೆಡುತ್ತಾರೆ. ಯಾರಿಗೆ ಅಂತ ಇಲ್ಲ. ತಲೆಯಲ್ಲಿ ಯಾರ ಮನೆ ಹೊಳೆ ಪಾಲಾಗುತ್ತದೋ ಅವರಿಗೆ ಆ ಜಾಗ, ಆ ಮರ. ಹಳೇ ಬಾಗಿಲುವಾಡ ಎತ್ತಿ, ದೋಣಿಯಲ್ಲಿ ತಂದು, ಅಲ್ಲಿ ನಿಲ್ಲಿಸಿದರೆ ಮುಗಿಯಿತು. ಜಗಳ ಆದದ್ದೇ ಇಲ್ಲ.

ಹಾಗಾಗಿ ಇಲ್ಲಿ ಇತಿಹಾಸ ಓದಬೇಕಾದರೆ ಬಾಲದಿಂದ ತಲೆಗೆ ನಡೆದರೆ ಸಾಕು. ಸಸಿಯಿಂದ ಮುದಿ ಮರಕ್ಕೆ.

15 ನವೆಂಬರ್

ಎರಡು ಪುಟ ಪಂಚಾಯತಿಗೆ ಕೊಟ್ಟು ಬಂದೆ. ಎರಡನೇ ಪುಟದ ಸಾಲು ನನಗೇ ಇಷ್ಟವಾಯಿತು — "ನಮ್ಮ ಕುದ್ರು ನಿಂತಲ್ಲಿ ನಿಲ್ಲುವುದಿಲ್ಲ. ಅರವತ್ತು ವರ್ಷದ ಹಿಂದಿನ ಒಂದು ಮನೆಯೂ ಇವತ್ತು ಅದೇ ಜಾಗದಲ್ಲಿಲ್ಲ." ದೋಣಿಯಲ್ಲಿ ಗುಡ್ಡಣ್ಣನಿಗೆ ಓದಿ ಹೇಳಿದೆ. ಹುಟ್ಟು ಹಾಕುವುದನ್ನೇ ಬಿಟ್ಟು ಕೇಳಿದ.

21 ಜನವರಿ 2025

ಡ್ರೋನ್ ಬಂತು. ಕೋಳಿಗಳೆಲ್ಲ ಗಿಡುಗ ಅಂದುಕೊಂಡು ಅಡಗಿದವು.

ಸರ್ವೆಯವರು ಲ್ಯಾಪ್‌ಟಾಪಿನಲ್ಲಿ ಹಳೇ ನಕ್ಷೆಯನ್ನು ಇವತ್ತಿನ ಚಿತ್ರದ ಮೇಲೆ ಕೂರಿಸಿದರು. ನೋಡಿದೆ. ನಮ್ಮ ಸರ್ವೆ ನಂಬರಿನ ಜಾಗ ಪೂರ್ತಿ ನೀರು. ಆ ನಕ್ಷೆಯಲ್ಲಿ ಆರು ಮನೆ, ಒಂದು ಬಾವಿ. ಬಾವಿಯ ಗುರುತು ನಾವು ಮಳಿ ಹೆಕ್ಕುವ ಜಾಗದಲ್ಲಿ. ನಾವು ನಿಂತ ನೆಲ ನಕ್ಷೆಯಲ್ಲಿ ಹೊಳೆ.

ಕುದ್ರು ಸರಿಯುತ್ತದೆ ಅಂತ ಬರೆದವಳು ನಾನೇ. ಇಷ್ಟು ಸರಿದಿದೆ ಅಂತ ಗೊತ್ತಿರಲಿಲ್ಲ… ಒಂದು ಇಡೀ ಊರು!

18 ಫೆಬ್ರವರಿ

ನೋಟಿಸು. ಒಂಬತ್ತು ಮನೆಗೂ.

"ಹೊಳೆ ಪರಂಬೋಕು ಸರ್ಕಾರಿ ಜಾಗದಲ್ಲಿ ಇತ್ತೀಚಿನ ಅಕ್ರಮ ವಾಸ. ತೆರವು ಏಕೆ ಮಾಡಬಾರದು? ಆಧಾರ: ಗ್ರಾಮಸ್ಥರದೇ ಲಿಖಿತ ವಿವರಣೆ, ಪುಟ 2."

ಕೆಳಗೆ ನನ್ನ ಸಾಲು. ಒಂದಕ್ಷರ ಬಿಡದೆ. ನಾಲ್ಕು ಸಲ ಓದಿದೆ. ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿ.

19 ಫೆಬ್ರವರಿ

ಯಾರೂ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಗುಡ್ಡಣ್ಣನ ಮನೆ ಈಗ ತಲೆಯಲ್ಲಿದೆ, ಹಿಂದಿನ ಗೋಡೆಗೂ ಹೊಳೆಗೂ ನಾಲ್ಕು ಮಾರು. ಈ ಮಳೆಗಾಲ ದಾಟುವುದಿಲ್ಲ. ಬಾಲದಲ್ಲಿ ಜಾಗ ನೋಡಿಟ್ಟಿದ್ದ. ನೋಟಿಸಿನಲ್ಲಿ ಹೊಸ ಕಲ್ಲು ಇಡಬಾರದು ಅಂತಲೂ ಇದೆ. ಹಾಗಾದರೆ ಬಾಗಿಲುವಾಡ ತೆಗೆದುಕೊಂಡು ಎಲ್ಲಿಗೆ ಹೋಗುವುದು?

ದೋಣಿ ಕಟ್ಟುತ್ತಾ ಕೇಳಿದ. "ಹ್ವಾಯ್, ನೀ ಬರ್ದದ್ದ್ ಸುಳ್ಳಾ?"

ಅಲ್ಲ ಅಂದೆ.

"ಹಂಗಾರೆ ಎಂತಕ್ಕೆ ತಲಿ ತಗ್ಸುದ್?"



24 ಫೆಬ್ರವರಿ

ಕುಂದಾಪುರಕ್ಕೆ ಹೋದೆ. ತಾಲೂಕು ಕಚೇರಿಯಲ್ಲಿ ಒಬ್ಬರು ಉಪಾಯ ಹೇಳಿದರು, ಒಳ್ಳೆ ಮನಸ್ಸಿನಿಂದಲೇ. ಮಾರ್ಚ್ 4ರ ವಿಚಾರಣೆಯ ದಿನ ಒಂದು ಹೇಳಿಕೆ ಕೊಡಿ — ಬರೆದದ್ದು ಬರೀ ಅಂತೆಕಂತೆ, ಮನೆಗಳು ಮೊದಲಿನಿಂದಲೂ ಇಲ್ಲೇ ಇವೆ, ಅಂತ. ಹಿರಿಯರೊಬ್ಬರ ಸಹಿ ಇರಲಿ. ನಕ್ಷೆಯೇ ತಪ್ಪು ಅಂತ ಮಾಡಿ ಫೈಲು ಮುಚ್ಚಬಹುದು.

ಟೈಪ್ ಮಾಡಿಸಿದೆ. ಹೊಳೆ ದಾಟುವಾಗ ಎದೆ ಹಗುರ. ಒಂದು ಸುಳ್ಳು, ಒಂಬತ್ತು ಮನೆ.

24 ಫೆಬ್ರವರಿ, ಸಂಜೆ 6

ಕಾಗದ ಓದಿ ಹೇಳಿ ದೊಡ್ಡಮ್ಮನ ಕೈಗೆ ಪೆನ್ನು ಕೊಟ್ಟೆ. ಪೆನ್ನು ವಾಪಸು ಕೊಟ್ಟಳು.

"ಅಲ್ಲ್ ಮನಿಯೇ ಇರ್ಲಿಲ್ಲ ಅಂದ್ರೆ, ನನ್ನ ಹೆಣ್ಣ್ ಶಿಶುನ ಎಲ್ಲ್ ಹುಗ್ದದ್ದ್, ಹೇಳ್ ಕಾಂಬ?"

ನಲವತ್ತೊಂದು ವರ್ಷ ಇವಳ ಮಗ್ಗುಲಲ್ಲಿ ಬೆಳೆದವಳು ನಾನು. ಇವಳು ಹೆತ್ತಿದ್ದಾಳೆ ಅಂತಲೇ ಗೊತ್ತಿಲ್ಲ! ಮಗು ಹನ್ನೊಂದು ದಿನ ಇತ್ತಂತೆ. ಹೆಸರಿಟ್ಟಿರಲಿಲ್ಲ. ಬಾವಿಕಟ್ಟೆಯಿಂದ ಮೂಡಕ್ಕೆ ಎಂಟು ಹೆಜ್ಜೆ, ತೆಂಗಿನ ಬುಡ. ಆಮೇಲೆ ಹೊಳೆ ತೆಂಗನ್ನೂ ತಿಂದಿತು, ಬಾವಿಯನ್ನೂ. ಮನೆಯವರೆಲ್ಲ ಬಾಗಿಲುವಾಡ ಹೊತ್ತು ಬಂದರು. ಆ ಮಗುವನ್ನು ಹೊತ್ತು ತರುವುದಕ್ಕೆ ಆಗಲಿಲ್ಲ ಅಂದಳು.

ಆಮೇಲೆ ಎದ್ದು ಹೋಗಿ ಕೋಳಿಗೂಡು ಮುಚ್ಚಿದಳು.

2 ಮಾರ್ಚ್, ಬೆಳಿಗ್ಗೆ

ಅಮಾವಾಸ್ಯೆ ಕಳೆದು ಎರಡು ದಿನ, ದೊಡ್ಡ ಇಳಿತ. ಆ ಬಾವಿ ಹುಡುಕಿಕೊಂಡು ಗುಡ್ಡಣ್ಣನ ದೋಣಿಯಲ್ಲಿ ಮೂಡಕ್ಕೆ ಹೋದೆವು. ದೊಡ್ಡಮ್ಮನೂ ಬಂದಳು. ನಿಜ ಹೇಳುವುದಾದರೆ ಏನೂ ಸಿಗದಿರಲಿ ಅಂತಲೇ ಹೋಗಿದ್ದೆ. ಸಿಗದಿದ್ದರೆ ಟೈಪ್ ಮಾಡಿಸಿದ ಕಾಗದ ಕೊಡುವುದು ಸುಲಭ.

ಸೊಂಟದ ನೀರು. ಗುಡ್ಡಣ್ಣ ಕೋಲಿನಲ್ಲಿ ಕುತ್ತಿ ಕುತ್ತಿ ಹೋದ. ಟಕ್ ಅಂತು. ಕೆಸರು ಕೈಯಲ್ಲಿ ಬಳಿದರೆ ಕೆಂಪು ಕಲ್ಲು, ಬಾಗಿದ ಸಾಲು. ಕಾಲಿನಲ್ಲೇ ಸುತ್ತು ಹಾಕಿ ನೋಡಿದೆ — ಉರುಟು. ಬಾವಿ!

ದೊಡ್ಡಮ್ಮ ದೋಣಿಯಿಂದ ಕೈ ತೋರಿಸಿದಳು. ಎಣಿಸುತ್ತಾ ನಡೆದೆ. ಎಂಟಾಯಿತು. ನಿಂತೆ.

ನಾನು ಮಳಿ ಹೆಕ್ಕುವ ಜಾಗ ಅದು. ಪ್ರತಿ ಇಳಿತಕ್ಕೂ ಇಲ್ಲೇ ಕೆಸರು ಕೆದಕಿ, ಚಿಪ್ಪು ತುಂಬಿ, ಸಾರು ಮಾಡಿ ಅವಳ ತಟ್ಟೆಯ ಮುಂದಿಟ್ಟಿದ್ದೇನೆ. ತಿನ್ನು ಅಂತ ಒತ್ತಾಯ ಬೇರೆ. ಅವಳು ಪಿತ್ತ ಅನ್ನುತ್ತಿದ್ದಳು.

ಕಾಲೆತ್ತಿ ಎಲ್ಲಿಡಬೇಕು ಗೊತ್ತಾಗಲಿಲ್ಲ. ಗುಡ್ಡಣ್ಣನೇ ತೋಳು ಹಿಡಿದು ದೋಣಿಗೆ ಎಳೆದುಕೊಂಡ.

4 ಮಾರ್ಚ್, 11.40, ಕಚೇರಿ ಜಗಲಿ

ಒಂಬತ್ತು ಮನೆಯವರೂ ಬಂದಿದ್ದಾರೆ. ದೊಡ್ಡಮ್ಮ ಮದುವೆಮನೆಗೆ ಹೊರಟಂತೆ ಒಳ್ಳೆ ಸೀರೆ ಉಟ್ಟಿದ್ದಾಳೆ. ಬೆಂಚಿನಲ್ಲಿ ನನ್ನ ಪಕ್ಕ.

ಚೀಲದಲ್ಲಿ ಎರಡು ಕಾಗದ. ಒಂದು ಟೈಪ್ ಮಾಡಿಸಿದ್ದು. ಇನ್ನೊಂದು ನಿನ್ನೆ ನಾನು ಬರೆದ ಮೂರನೇ ಪುಟ — ಬಾವಿ, ಹೆಜ್ಜೆ, ಯಾರ ಮನೆ ಯಾವ ವರ್ಷ ಎಲ್ಲಿಂದ ಎಲ್ಲಿಗೆ. ಆ ನೀರಿನ ಅಡಿಯ ಸರ್ವೆ ನಂಬರಿನವರು ನಾವೇ, ಹೊಸಬರಲ್ಲ, ಅಂತ. ಇದರಿಂದ ಮನೆ ಉಳಿಯುತ್ತದಾ? ಗೊತ್ತಿಲ್ಲ. ಉಪಾಯ ಹೇಳಿದವರು ಇದನ್ನು ಓದಿ ತಲೆಯಾಡಿಸಿದರು, ಕಷ್ಟ ಅಂತ.

ಗುಡ್ಡಣ್ಣನಿಗೆ ಎರಡನ್ನೂ ತೋರಿಸಿದೆ. ಹೊಳೆಗೆ ಹೋಗುವುದು ಮೊದಲು ಅವನ ಮನೆ. ಟೈಪ್ ಮಾಡಿಸಿದ್ದನ್ನು ಎತ್ತಿಕೊಂಡು, ನಾಲ್ಕು ಮಡಿಕೆ ಮಾಡಿ, ದೊಡ್ಡಮ್ಮ ಕೂತ ಬೆಂಚಿನ ಅಲ್ಲಾಡುವ ಕಾಲಿನ ಅಡಿಗೆ ತುರುಕಿದ. ಬೆಂಚು ಈಗ ಅಲ್ಲಾಡುವುದಿಲ್ಲ.

ಕರೆದರು, ಕೇದಗೆ ಕುದ್ರು ಅಂತ. ದೊಡ್ಡಮ್ಮ ಆಗಲೇ ಎದ್ದಳು. ನನ್ನ ಕೈ ಹಿಡಿದಿದ್ದಾಳೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಒಳಗೆ ಹೋಗಿ ಮೊದಲ ಮಾತು ಇದೇ — ಸಾರ್, ಎರಡನೇ ಪುಟದಲ್ಲಿ ನಾನು ಬರೆದದ್ದು