ಮಾವನ ಲಾರಿಯ ಕಂಬಿ

ಮಾವ ಸೆಂಡೆಗೆಯ ಅವರಿಗೆ,

ಸಿಟ್ಟಿದ್ದರೂ ಇದನ್ನು ಪೂರ್ತಿ ಓದಬೇಕು.

ಸೈಕಲ್ ಪಂದ್ಯದ ದಿನ ಕಿನಿಗಿಯ ಏರಿನಲ್ಲಿ ನಾನು ನಿಮ್ಮ ಮಾನ ಕಳೆದೆನೆಂದು ಸಂತೆಯಲ್ಲೆಲ್ಲ ಹೇಳುತ್ತಿದ್ದೀರಂತೆ. ಗೊಬ್ಬರ ಹೇರಿದ ಲಾರಿಯನ್ನು ನನ್ನ ಸೈಕಲ್ಲಿನ ಮುಂದೆಯೇ ನಿಧಾನ ಮಾಡಿ, "ಹಿಡ್ಕೊಳ್ಳೇ ಹುಡುಗಿ! ಸ್ವಂತ ಮಾವ ಇರೋವಾಗ ಯಾಕೆ ಹಿಂಗೆ ಒದ್ದಾಡ್ತೀಯೆ?" ಎಂದು ಕೂಗಿದಿರಿ. ನಾನು ಕೇಳಿಸದವಳಂತೆ ಇದ್ದೆ, ನಿಜ.

ಆದರೆ ಮಾವ, ನನ್ನ ಎಡಗೈ ಆಗಲೇ ಹ್ಯಾಂಡಲ್ ಬಿಟ್ಟಿತ್ತು. ಸೈಕಲ್ಲಿನಲ್ಲಿ ಹೇರಿ ತಂದ ಆಲೂಗಡ್ಡೆಯನ್ನು ಪೇಟೆಯಲ್ಲಿ ಇಳಿಸಿ, ನಿಮ್ಮ ಲಾರಿಯ ಕಂಬಿ ಹಿಡಿದೇ ದಿನವೂ ಮನೆಗೆ ಏರಿದ ಕೈ ಅದು. ಪಂದ್ಯದಲ್ಲಿ ಕಂಬಿ ಮುಟ್ಟಿದರೆ ಹೊರಗೆ ಹಾಕುತ್ತಾರೆ. ಕೈಯನ್ನು ಬೈದು ವಾಪಸ್ ತಂದೆ. ಜ್ವಾಲಾಮುಖಿಯ ಕರಿ ಜಲ್ಲಿಯಲ್ಲಿ ಚಕ್ರ ಜಾರುತ್ತಿತ್ತು, ನಿಮ್ಮ ಹೊಗೆ ಕುಡಿಯುತ್ತಲೇ ತುಳಿದೆ. ಮೂರನೇ ತಿರುವಿನಲ್ಲಿ ನಿಮ್ಮ ಲಾರಿ ಕೆಮ್ಮಿ ನಿಂತಿತಲ್ಲ, ಆಗ ನೀವು ಬಾನೆಟ್ ಎತ್ತುತ್ತಿದ್ದಿರಿ. ಪಕ್ಕದಲ್ಲೇ ದಾಟಿ ಹೋದೆ. ಸಬಿನ್ಯೊ ಬೆಟ್ಟದ ಬುಡದಲ್ಲಿ ಕೊನೆಯ ಗೆರೆ ದಾಟಿದಾಗ ನನ್ನ ಮುಂದೆ ಯಾರೂ ಇರಲಿಲ್ಲ.

ಬಹುಮಾನ ಒಂದು ಕಡಸು, ಮಾವ! ಉದ್ದ ಕೊಂಬಿನ ತಳಿ. ಅಮ್ಮ ನೋಡದೆಯೇ ಹೆಸರಿಟ್ಟಿದ್ದಾಳೆ. ಅದನ್ನು ಮುಸಾಂಜೆ ಪೇಟೆಯಲ್ಲಿ ಕಟ್ಟಿದ್ದಾರೆ, ನಾನೂ ಇಲ್ಲೇ ಇದ್ದೇನೆ. ಭಾನುವಾರ ಪ್ರಾರ್ಥನೆ ಮುಗಿಸಿ ಲಾರಿ ತನ್ನಿ. ತಳಕ್ಕೆ ಹುಲ್ಲು ಹಾಸಿರಲಿ.

ನಾನು ಲಾರಿ ಹತ್ತುವುದಿಲ್ಲ. ಸೈಕಲ್ಲಿನಲ್ಲಿ ಮುಂದೆ ಹೋಗುತ್ತೇನೆ, ಹಾರ್ನ್ ಹೊಡೆಯುತ್ತಾ ನೀವು ಹಿಂದೆ ಬನ್ನಿ. ಮೂರನೇ ತಿರುವಿನಲ್ಲಿ ಲಾರಿ ಮತ್ತೆ ಕೆಮ್ಮಿದರೆ ನಾಚಿಕೆ ಪಡಬೇಡಿ, ನನ್ನ ಕ್ಯಾರಿಯರ್ ಹಿಡಿದುಕೊಳ್ಳಿ.

ನಿಮ್ಮ ತಂಗಿಯ ಮಗಳು,
ಮುಕಂಡೋಲಿ