ಭೋಗ್ಯಕ್ಕೆ ಜಾಗವಿಲ್ಲದ ತೆರಿಗೆ ತಂತ್ರಾಂಶ

ಮಾನ್ಯ ತೆರಿಗೆ ಮಾರ್ಗದರ್ಶನಾಧಿಕಾರಿಗಳೇ,

ತಾವು ವೇದಿಕೆಯ ಮೇಲೆ ನಿಂತು ಆರಿಸಿಕೊಟ್ಟ ತೆರಿಗೆ ತಂತ್ರಾಂಶ ನನ್ನನ್ನು ಈ ಊರಿನಲ್ಲಿ ಕಳ್ಳಿಯನ್ನಾಗಿ ಮಾಡಿದೆ. ಅರ್ಜಿ ಕೊಟ್ಟೆ, ತಮ್ಮ ಕಚೇರಿ ಓದಲಿಲ್ಲ. ಖುದ್ದು ಬಂದೆ, ತಾವು ಕೇಳಲಿಲ್ಲ. ಆದ್ದರಿಂದ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ತಮ್ಮ ಹೆಸರು ಹಾಕುವುದಿಲ್ಲ, ಹುದ್ದೆಯೇ ಸಾಕು. ಮಾರ್ಗ ತೋರಿಸುವುದಕ್ಕೆ ಸಂಬಳ ಪಡೆಯುವವರು ತಾವೊಬ್ಬರೇ ಇರುವುದರಿಂದ ಜನ ಗುರುತು ಹಿಡಿಯುತ್ತಾರೆ.

ಸ್ವಂತ ಉದ್ಯೋಗದವರಿಗೂ ಮನೆ ಮಾಲೀಕರಿಗೂ ಎಂದು ತಾವು ಚಿಕ್ಕಬಳ್ಳಾಪುರದಲ್ಲಿ ಸಭೆ ಕರೆದಿರಿ. ನಾನು ಎರಡೂ ಹೌದು. ಕೆಳಗೆ ನನ್ನ ಹೊಲಿಗೆ ಅಂಗಡಿ, ಮಹಡಿಯ ಮೇಲೆ ಭೋಗ್ಯಕ್ಕೆ ಕೊಟ್ಟ ಮನೆ. ತಾವು ಪರದೆಯ ಮೇಲೆ ಹಲವು ತಂತ್ರಾಂಶಗಳ ಚಿತ್ರ ತೋರಿಸಿ, ಯಾವುದನ್ನು ಆರಿಸಬೇಕೆಂದು ತಲೆ ಕೆಡಿಸಿಕೊಳ್ಳಬೇಡಿ, ಮೊದಲನೆಯದನ್ನೇ ಆರಿಸಿ, ಮಕ್ಕಳೂ ತುಂಬಬಹುದು ಎಂದಿರಿ. ನಾನು ಎದ್ದು ನಿಂತು, ಇದರಲ್ಲಿ ಭೋಗ್ಯಕ್ಕೆ ಜಾಗವಿದೆಯೇ ಸ್ವಾಮಿ ಎಂದು ಕೇಳಿದೆ. ತಾವು ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡಿರಿ.

“ಬಾಡಿಗೆಗೆ ಬೇರೆ ಹೆಸರಿಟ್ಟರೆ ತೆರಿಗೆ ತಪ್ಪುತ್ತೇನಮ್ಮ?”

ಸಭೆ ನಕ್ಕಿತು. ನಾನು ಕೂತೆ. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ, ಮತ್ತು ಅದನ್ನು ಮರೆಯುವ ಉದ್ದೇಶವೂ ನನಗಿಲ್ಲ.

ಭೋಗ್ಯವೆಂದರೆ ಬಾಡಿಗೆಯಲ್ಲ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಮನೆಗೆ ಬರುವವರು ದೊಡ್ಡ ಮೊತ್ತವನ್ನು ಒಂದೇ ಸಲ ಕೊಡುತ್ತಾರೆ, ತಿಂಗಳ ಬಾಡಿಗೆ ಕೊಡುವುದಿಲ್ಲ. ಕರಾರು ಮುಗಿದ ದಿನ ಪೂರ್ತಿ ಹಣ ವಾಪಸು ಪಡೆದು ಮನೆ ಬಿಡುತ್ತಾರೆ. ಅದು ಮಾಲೀಕರ ಆದಾಯವಲ್ಲ, ಮಾಲೀಕರ ಮೇಲಿರುವ ಋಣ. ಆ ಹಣವನ್ನು ಮುಟ್ಟಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನೂ ಮುಟ್ಟದೆ ಬ್ಯಾಂಕಿನಲ್ಲಿ ಇಟ್ಟಿದ್ದೆ.

ತಮ್ಮ ಮೆಚ್ಚಿನ ತಂತ್ರಾಂಶಕ್ಕೆ ಈ ವಿಚಾರ ಯಾರೂ ಹೇಳಿರಲಿಲ್ಲ. ಅದರಲ್ಲಿ ರೇಸು ಕುದುರೆಯ ಆದಾಯ ಬರೆಯಲು ಜಾಗವಿತ್ತು, ಭೋಗ್ಯ ಬರೆಯಲು ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ರೇಸು ಕುದುರೆ ಕಟ್ಟಿದವರು ಎಷ್ಟು ಮಂದಿ ಇದ್ದಾರೆ? ಶಿಡ್ಲಘಟ್ಟದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಭೋಗ್ಯದ ಮನೆಯಿಲ್ಲದ ಒಂದು ಬೀದಿಯನ್ನು ತಾವು ತೋರಿಸಬಲ್ಲಿರಾ? ಮನೆ ಕೊಟ್ಟಿದ್ದೀರಾ ಎಂದು ತಂತ್ರಾಂಶ ಕೇಳಿತು, ಹೌದೆಂದೆ. ಬಾಡಿಗೆ ಎಷ್ಟೆಂದು ಕೇಳಿತು, ಸೊನ್ನೆ ಹಾಕಿದೆ. ಸೊನ್ನೆ ಒಪ್ಪದೆ ಕೆಂಪಗಾಯಿತು. ಸಹಾಯವಾಣಿಗೆ ಫೋನ್ ಮಾಡಿದೆ. ಹಿಂದಿಯಲ್ಲಿ ಮಾತಾಡಿದ ಹುಡುಗಿಗೆ ನನ್ನ ಮಾತು ತಿಳಿಯಲಿಲ್ಲ, ತೆಲುಗಿನವಳಿಗೆ ಮಾತು ತಿಳಿಯಿತು, ಭೋಗ್ಯ ತಿಳಿಯಲಿಲ್ಲ. ಮನೆಯಿಂದ ಬಂದ ಹಣವನ್ನೆಲ್ಲ ಅಲ್ಲೇ ಬರೆಯಿರಿ ಎಂದಳು. ಬರೆದೆ. ತಂತ್ರಾಂಶ ಹಸಿರು ಗುರುತು ತೋರಿಸಿ ನನಗೆ ಧನ್ಯವಾದ ಹೇಳಿತು.

ಮುಂದಿನದು ತಮ್ಮ ಕಡತದಲ್ಲೇ ಇದೆ. ಭೋಗ್ಯದ ಅಷ್ಟೂ ಹಣ ಒಂದೇ ವರ್ಷದ ಬಾಡಿಗೆಯಾಯಿತು, ಅದಕ್ಕೆ ತೆರಿಗೆ ಬಾಕಿಯೆಂದು ನೋಟಿಸು ಬಂತು, ಬ್ಯಾಂಕಿನವರು ಖಾತೆ ತಡೆಹಿಡಿದರು. ಸರಿಯಾಗಿ ಅದೇ ಸಮಯಕ್ಕೆ ಮಹಡಿಯ ಮನೆಯ ಕದಿರಮ್ಮನ ಕರಾರು ಮುಗಿಯಿತು. ಅವಳ ಗಂಡ ಚಲಪತಿಗೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕೆಲಸ. ಅಲ್ಲೇ ಹತ್ತಿರದಲ್ಲಿ ಮನೆ ಮಾತಾಡಿ, ನಾನು ಕೊಡುವ ಹಣವನ್ನು ಅಲ್ಲಿಗೆ ಕಟ್ಟಬೇಕೆಂದಿದ್ದರು. ನನ್ನಿಂದ ಕೊಡಲಾಗಲಿಲ್ಲ. ಆ ಮನೆ ಬೇರೆಯವರ ಪಾಲಾಯಿತು.

ನೋಟಿಸು ತೋರಿಸಿದರೆ ಚಲಪತಿ ನಂಬಲಿಲ್ಲ. ಯಾರು ನಂಬುತ್ತಾರೆ? ವಾಪಸು ಕೊಡಬೇಕಾದ ಸಾಲವನ್ನು ಸರ್ಕಾರ ಸಂಪಾದನೆ ಎನ್ನುತ್ತದೆ ಎಂದರೆ ನಾನೂ ನಂಬುತ್ತಿರಲಿಲ್ಲ. ನಾನು ಹಣ ನುಂಗಿ ನೆಪ ಹೇಳುತ್ತಿದ್ದೇನೆಂದು ಅವನು ಬೀದಿಯಲ್ಲಿ ಹೇಳಿಕೊಂಡು ಬಂದ. ಮದುವೆ ಮನೆಯ ಬ್ಲೌಸುಗಳನ್ನು ಹೊಲಿಯಲು ಕೊಟ್ಟಿದ್ದವರು ಬಟ್ಟೆ ವಾಪಸು ಕೇಳಿದರು. ಕದಿರಮ್ಮ ಮಾತ್ರ ಒಂದು ಸಂಜೆ ಅಂಗಡಿಗೆ ಬಂದು ಕೂತಳು.

“ಶೋಭಕ್ಕ, ನೀನು ತಿಂದಿಲ್ಲ ಅಂತ ನಂಗೊತ್ತು. ನಮ್ಮ ಯಜಮಾನ್ರಿಗೆ ಹೆಂಗೆ ಹೇಳ್ಲಿ ಹೇಳು.”

ಅದಕ್ಕೆ ಉತ್ತರ ಹುಡುಕಿಕೊಂಡೇ ನಾನು ತಮ್ಮ ಕೋಣೆಗೆ ಬಂದದ್ದು. ತಪ್ಪು ತಂತ್ರಾಂಶದ್ದು ಎಂದು ಒಂದು ಸಾಲು ಬರೆದುಕೊಡಿ ಎಂದು ಕೈಮುಗಿದೆ. ತಾವು ತಲೆಯೆತ್ತದೆ, “ಆರಿಸಿದ್ದು ನೀವಲ್ಲವೇನಮ್ಮ? ಆಯ್ಕೆ ನಿಮ್ಮದು, ಹೊಣೆಯೂ ನಿಮ್ಮದೇ” ಎಂದಿರಿ. ಸಭೆಯಲ್ಲಿ ತಾವು ಆರಿಸಿದ್ದು ಕೋಣೆಯಲ್ಲಿ ನನ್ನ ಆಯ್ಕೆ ಹೇಗಾಯಿತು? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅಂದುಕೊಂಡು ಮೆಟ್ಟಿಲಿಳಿದೆ. ಬದನೆಕಾಯಿ ಯಾವುದೆಂದು ಆಗ ನನಗೆ ಗೊತ್ತಿರಲಿಲ್ಲ.

ಹೋದ ವಾರ ಗೊತ್ತಾಯಿತು. ನಂದಿಯಲ್ಲಿ ದ್ರಾಕ್ಷಿ ತೋಟವಿರುವ ಬಯ್ಯಪ್ಪನವರ ಹೆಂಡತಿ ಆಂಜಿನಮ್ಮ ಬ್ಲೌಸಿನ ಅಳತೆ ಕೊಡಲು ಬಂದಿದ್ದರು. ಅವರಿಗೆ ಇಲ್ಲಿ ಪಟ್ಟಣದಲ್ಲಿ ಒಂದು ಮನೆಯಿದೆ. ನನ್ನ ಗೋಳು ಕೇಳಿ ಅವರು ತಡೆಯಲಾರದೆ ನಕ್ಕುಬಿಟ್ಟರು.

“ಆ ಆಫೀಸರ್ರು ನಮ್ ಮನೇಲೇ ಅವ್ರೆ ಕಣಮ್ಮ. ಬಾಡ್ಗೆ ಅಲ್ಲ, ಭೋಗ್ಯಕ್ಕೆ.”

ಮಾನ್ಯರೇ, ಹೋದ ವರ್ಷವಷ್ಟೇ ಹಣ ಕೊಟ್ಟು ಆ ಮನೆಗೆ ಬಂದಿರಂತೆ. ಈಗ ತಮಗೆ ವರ್ಗಾವಣೆಯಾಗಿದೆ, ಹೊಸ ಊರಿನಲ್ಲಿ ಮನೆ ಹಿಡಿಯಲು ಆ ಹಣ ಬೇಗ ವಾಪಸು ಬೇಕೆಂದು ಬಯ್ಯಪ್ಪನವರಿಗೆ ದುಂಬಾಲು ಬಿದ್ದಿದ್ದೀರಂತೆ. ಬಯ್ಯಪ್ಪನವರು ಈ ಸಲ ಮೊದಲ ಬಾರಿಗೆ ತೆರಿಗೆ ಲೆಕ್ಕ ತುಂಬುವವರು. ಯಾವ ತಂತ್ರಾಂಶ ಒಳ್ಳೆಯದು ಎಂದು ಆಂಜಿನಮ್ಮನ ಕೈಲಿ ನನ್ನನ್ನೇ ಕೇಳಿಸಿದರು. ನಮ್ಮ ಅಧಿಕಾರಿಗಳು ಮೈಕ್ ಹಿಡಿದು ಹೇಳಿದ್ದು ಮೊದಲನೆಯದು, ಅದನ್ನೇ ಆರಿಸಿ, ಮನೆಯಿಂದ ಬಂದ ಹಣವನ್ನೆಲ್ಲ ಅಲ್ಲೇ ಬರೆಯಿರಿ ಎಂದೆ. ಮುಂದೇನಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಿದೆ. ಆಂಜಿನಮ್ಮ ಅದನ್ನೆಲ್ಲ ಗಂಡನಿಗೆ ಹೇಳಿದರು, ತಮ್ಮ ದುಂಬಾಲಿನಿಂದ ಬೇಸತ್ತಿದ್ದ ಅವರು ಒಪ್ಪಿದರು. ಬಯ್ಯಪ್ಪನವರ ಅಳಿಯ ವಕೀಲ, ನೋಟಿಸಿಗೆ ಅವರು ಹೆದರುವವರಲ್ಲ. ಖಾತೆ ನಿಂತುಹೋದರೆ ಪರದಾಡುವವರು ಯಾರೆಂದು ತಮಗೆ ಈಗ ಹೊಳೆದಿರಬೇಕು. ಹೌದು, ಇದು ಸೇಡು. ಇದಕ್ಕೆ ನಾನು ಬೇರೆ ಹೆಸರಿಡುವುದಿಲ್ಲ. ಈ ಉಪಾಯ ಹೊಳೆದ ದಿನ ನನಗೆ ಹೊಟ್ಟೆ ತುಂಬ ಊಟ ಸೇರಿತು.

ಬಯ್ಯಪ್ಪನವರು ಇನ್ನೂ ತುಂಬಿಲ್ಲ, ನನ್ನ ಮಾತಿಗಾಗಿ ಕಾದಿದ್ದಾರೆ. ನನ್ನ ಬೇಡಿಕೆ ಇಷ್ಟು. ಅದೇ ಸಭಾಂಗಣಕ್ಕೆ ಅದೇ ಜನರನ್ನು ಮತ್ತೆ ಕರೆಸಿ. ಬಯ್ಯಪ್ಪನವರನ್ನೂ ಚಲಪತಿಯನ್ನೂ ಮುಂದಿನ ಸಾಲಿನಲ್ಲಿ ಕೂರಿಸುವುದು ನನ್ನ ಜವಾಬ್ದಾರಿ. ಬಯ್ಯಪ್ಪನವರು ಎದ್ದು, ಸ್ವಾಮಿ, ನಾನು ಯಾವುದನ್ನು ಆರಿಸಲಿ ಎಂದು ಕೇಳುತ್ತಾರೆ. ಮೊದಲನೆಯದನ್ನೇ ಆರಿಸಿ ಎಂದು ತಾವು ಹೇಳಿದರೆ ಅವರು ಅಲ್ಲೇ ಕೂತು ತುಂಬುತ್ತಾರೆ, ತಾವು ಕೊಟ್ಟ ಹಣವನ್ನೂ ಸೇರಿಸಿ. ಬೇಡ, ಅದರಲ್ಲಿ ಭೋಗ್ಯಕ್ಕೆ ಜಾಗವಿಲ್ಲ ಎಂದು ಹೇಳುವುದಾದರೆ, ಮೈಕಿನಲ್ಲಿ ಗಟ್ಟಿಯಾಗಿ ಹೇಳಿ. ಚಲಪತಿಯ ಕಿವಿಗೆ ಬೀಳಬೇಕು.

ಇಂತಿ,
ತಮ್ಮ ಮಾತು ಕೇಳಿ ಕೆಟ್ಟ
ಶೋಭಾರಾಣಿ, ಟೈಲರ್
ಚಿಕ್ಕಬಳ್ಳಾಪುರ